ಹಾಗ್ವಾರ್ಟ್ಸ್‌ಗೆ ನಲವತ್ತು ಸಾಲಿನ ಪ್ಲಾನ್, ಸಕಲೇಶಪುರಕ್ಕೆ ‘ಬೆಳಿಗ್ಗೆ ಎದ್ದು ನೋಡೋಣ’

ಭಾಗ 1: ಒಂದು ಗ್ರೂಪು, ಎರಡು ಪ್ಲಾನು

ಮೊದಲನೇ ಫೋಟೋ ನಮ್ಮ ಕ್ಲಾಸ್ ಗ್ರೂಪಿನ ಸ್ಕ್ರೀನ್‌ಶಾಟ್. ಹೆಸರು ಅಳಿಸಿದೀನಿ, ಯಾರೂ ಗಾಬರಿ ಆಗ್ಬೇಡಿ.

ಕಳೆದ ವಾರ ನಮ್ಮ ಕ್ಲಾಸಿನ ಒಬ್ಬಳು ಅವಳ ಅಕ್ಕ ಮಾಡಿದ ಒಂದು ಶೀಟ್ ಕಳಿಸಿದ್ಲು. ಅಕ್ಕ-ಭಾವ ಅಮೆರಿಕದಲ್ಲಿದ್ದಾರೆ, ರಜೆಗೆ ಮಕ್ಕಳನ್ನ ಕರ್ಕೊಂಡು ಒರ್ಲ್ಯಾಂಡೋದ ಹ್ಯಾರಿ ಪಾಟರ್ ಲೋಕಕ್ಕೆ ಹೋಗ್ತಿದ್ದಾರೆ. ಶೀಟ್‌ನಲ್ಲಿ ನಲವತ್ತು ಸಾಲು. ಎಷ್ಟು ಗಂಟೆಗೆ ಗೇಟ್ ಮುಂದೆ ನಿಲ್ಲೋದು, ಯಾವ ರೈಡ್ ಮೊದಲು, ಯಾವ ರೈಡ್‌ಗೆ ಬ್ಯಾಗ್ ಲಾಕರ್‌ನಲ್ಲಿ ಇಡ್ಬೇಕು, ಬಟರ್‌ಬಿಯರ್ ಎಲ್ಲಿ ಕ್ಯೂ ಕಮ್ಮಿ ಇರುತ್ತೆ, ಮಳೆ ಬಂದ್ರೆ ಏನು, ಮಗು ಅತ್ರೆ ಏನು. ನಾವೆಲ್ಲ ಬಾಯಿಬಿಟ್ಟು ನೋಡಿದ್ವಿ.

ಅದರ ಕೆಳಗೇ ಇನ್ನೊಬ್ಬ ಹಾಕಿದ ಮೆಸೇಜ್ ನೋಡಿ: "ನಾವೂ ಹೋಗೋಣ ಕಣ್ರೋ, ಕರ್ನಾಟಕದ ಹಾಗ್ವಾರ್ಟ್ಸ್‌ಗೆ. ಸಕಲೇಶಪುರ. ಲಾಂಗ್ ವೀಕೆಂಡ್. ನಾಲ್ಕು ಕಾರು." ಪ್ಲಾನ್ ಏನು ಅಂತ ಕೇಳಿದ್ರೆ ಬಂದ ಉತ್ತರ: "ಬೆಳಿಗ್ಗೆ ಎದ್ದು ನೋಡೋಣ."

ಇಪ್ಪತ್ತಾರು ಜನ ಹೆಬ್ಬೆಟ್ಟು ಒತ್ತಿದ್ರು.

ನಾನು ಆಲೂರು ಕಡೆಯವನು. ಹಾಸನದಲ್ಲಿ ಓದ್ತಿದ್ರೂ ಶನಿವಾರ ಆದ್ರೆ ಊರಿಗೆ ಓಡೋನು. ಈ ಪೇಜ್ ಫಾಲೋ ಮಾಡೋ ನಿಮಗೆ ನಮ್ಮ ಗುಡ್ಡ, ಮಂಜು, ಕಾಫಿ ಹೂವಿನ ಫೋಟೋ ಹೊಸದಲ್ಲ. ಇವತ್ತು ಮಾತ್ರ ಫೋಟೋಗಿಂತ ಮಾತು ಜಾಸ್ತಿ. ದುಡ್ಡು ಕೊಟ್ಟು ಹೋಗೋ ಸುಳ್ಳು ಕೋಟೆಗೆ ನಲವತ್ತು ಸಾಲು ಬರೀತೀವಿ. ಜನ ಬದುಕ್ತಿರೋ ನಿಜವಾದ ಬೆಟ್ಟಕ್ಕೆ ಒಂದು ಸಾಲೂ ಬರಿಯಲ್ಲ. ಇದು ಉಲ್ಟಾ ಆಗ್ಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ, ಕೊನೆವರೆಗೂ ಓದಿ.

ಭಾಗ 2: ಆ ಶೀಟ್‌ನಲ್ಲಿ ಏನಿತ್ತು

ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. ಒರ್ಲ್ಯಾಂಡೋದಲ್ಲಿ ಹ್ಯಾರಿ ಪಾಟರ್ ಜಾಗ ಒಂದೇ ಅಲ್ಲ, ಮೂರಿದೆ, ಅದೂ ಮೂರು ಬೇರೆ ಬೇರೆ ಪಾರ್ಕ್‌ನಲ್ಲಿ. ಹಾಗ್ಸ್‌ಮೀಡ್ ಊರು ಮತ್ತು ಕೋಟೆ 2010ರ ಜೂನ್ 18ಕ್ಕೆ ಶುರುವಾಯ್ತು. ಡಯಾಗನ್ ಆಲಿ 2014ರ ಜುಲೈ 8ಕ್ಕೆ. ಮಿನಿಸ್ಟ್ರಿ ಆಫ್ ಮ್ಯಾಜಿಕ್ ಇರೋದು 2025ರ ಮೇ 22ಕ್ಕೆ ತೆರೆದ ಹೊಸ ಪಾರ್ಕ್ ಎಪಿಕ್ ಯೂನಿವರ್ಸ್‌ನಲ್ಲಿ. ಮೊದಲಿನ ಎರಡರ ಮಧ್ಯೆ ಹಾಗ್ವಾರ್ಟ್ಸ್ ಎಕ್ಸ್‌ಪ್ರೆಸ್ ರೈಲು ಓಡುತ್ತೆ. ಆದ್ರೆ ಎರಡೂ ಪಾರ್ಕ್‌ಗೆ ಹೋಗಬಹುದಾದ ಟಿಕೆಟ್ ಇಲ್ಲದಿದ್ರೆ ಆ ರೈಲು ಹತ್ತಿಸಲ್ಲ. ಇದು ಗೊತ್ತಿಲ್ಲದೆ ಹೋದ್ರೆ ಮಕ್ಕಳು ಸ್ಟೇಷನ್ ಮುಂದೆ ಅಳ್ತಾ ನಿಲ್ತಾರೆ. ಅಕ್ಕನ ಶೀಟ್‌ನಲ್ಲಿ ಮೊದಲ ಸಾಲೇ ಇದು.

ಎರಡನೇ ಸಾಲು: ಪಾರ್ಕ್‌ನವರ ಹೋಟೆಲ್‌ನಲ್ಲಿ ಉಳ್ಕೊಂಡ್ರೆ ಉಳಿದವರಿಗಿಂತ ಮುಂಚೆ ಒಳಗೆ ಬಿಡೋ ದಿನಗಳು ಯಾವುವು. ಮೂರನೇದು: ಒಳಗೆ ಹೋದ ತಕ್ಷಣ ಫೋಟೋ ತೆಗೀತಾ ನಿಲ್ಲದೆ ಸೀದಾ ಹ್ಯಾಗ್ರಿಡ್‌ನ ಮೋಟಾರ್‌ಬೈಕ್ ರೈಡ್‌ಗೆ ನಡೀಬೇಕು. ಯಾಕೆ ಅಂದ್ರೆ ಆ ರೈಡ್ 2019ರ ಜೂನ್ 13ಕ್ಕೆ ತೆರೆದ ದಿನ ಕ್ಯೂ ಹತ್ತು ಗಂಟೆ ಮುಟ್ಟಿತ್ತು. ಹತ್ತು ಗಂಟೆ ಅಂದ್ರೆ ನಾವು ಹಾಸನದಿಂದ ಬೆಂಗಳೂರಿಗೆ ಹೋಗಿ, ಊಟ ಮಾಡಿ, ವಾಪಸ್ ಬಂದು, ಹಾಸ್ಟೆಲ್‌ನಲ್ಲಿ ಒಂದು ನಿದ್ದೆ ತೆಗೀಬಹುದು.

ಜಪಾನಿನ ಒಸಾಕಾದಲ್ಲೂ 2014ರಿಂದ ಇದೇ ತರದ ಜಾಗ ಇದೆ. ಅಲ್ಲಿ ಜನ ಜಾಸ್ತಿ ಆದ ದಿನ ಪಾರ್ಕ್ ಒಳಗೆ ಇದ್ದೋರಿಗೂ ಆ ಜಾಗಕ್ಕೆ ಬಿಡಲ್ಲ. ಟೈಮ್ ಬರೆದಿರೋ ಚೀಟಿ ಬೇಕು. ನಿನ್ನ ಟೈಮ್ ಬಂದಾಗ ನೀನು.

ಗಮನಿಸಿ, ಇಷ್ಟೆಲ್ಲ ಕಟ್ಟುಪಾಡು ಯಾವುದಕ್ಕೆ? ಒಂದು ಸೆಟ್‌ಗೆ. ಕಲ್ಲಿನ ತರ ಕಾಣೋ ಗೋಡೆ. ಫ್ಲೋರಿಡಾದ ಸುಡು ಬಿಸಿಲಿನಲ್ಲೂ ಕರಗದೆ ಛಾವಣಿ ಮೇಲೆ ಕೂತಿರೋ ಹಿಮ. ನಾನು ಕುಹಕ ಆಡ್ತಿಲ್ಲ, ಚಾನ್ಸ್ ಸಿಕ್ಕಿದ್ರೆ ನಾನೇ ಮೊದಲು ಓಡ್ತೀನಿ. ಆದ್ರೆ ಅಲ್ಲಿ ಕ್ಯೂ ಮುರಿದ್ರೆ ತಡೆಯೋಕೆ ಒಬ್ಬ ಇದ್ದಾನೆ. ಕಸ ಬಿದ್ರೆ ಎತ್ತೋಕೆ ಒಬ್ಬ ಇದ್ದಾನೆ. ಜನ ತುಂಬಿದ್ರೆ ಗೇಟ್ ಹಾಕೋಕೆ ಒಬ್ಬ ಇದ್ದಾನೆ. ನೀವು ಏನೂ ಪ್ಲಾನ್ ಮಾಡದೆ ಹೋದ್ರೂ ನಿಮ್ಮ ದಿನ ಹಾಳಾಗಬಹುದು ಅಷ್ಟೇ, ಆ ಜಾಗ ಹಾಳಾಗಲ್ಲ.

ಭಾಗ 3: ನಮ್ಮ ಹಾಗ್ವಾರ್ಟ್ಸ್

ಈ ಫೋಟೋ ಮಂಜರಾಬಾದ್ ಕೋಟೆಯ ಬಾಗಿಲು, ಬೆಳಿಗ್ಗೆ. ಒಳಗೆ ಏನೂ ಕಾಣ್ತಿಲ್ಲ ಅಲ್ವಾ? ಫಿಲ್ಟರ್ ಅಲ್ಲ ಮಾರಾಯ್ರೆ, ಬರೀ ಮಂಜು.

ಸಕಲೇಶಪುರ ಪೇಟೆಯಿಂದ ಮಂಗಳೂರು ದಾರಿಯಲ್ಲಿ ಐದಾರು ಕಿಲೋಮೀಟರ್, ದೋಣಿಗಾಲ್ ಹತ್ತಿರ. ಹೈವೇ ಪಕ್ಕದಿಂದ ಇನ್ನೂರು ಚಿಲ್ಲರೆ ಮೆಟ್ಟಿಲು ಹತ್ತಿದ್ರೆ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಕೋಟೆ. ಮೇಲಿಂದ ನೋಡಿದ್ರೆ ಎಂಟು ಮೂಲೆಯ ನಕ್ಷತ್ರ. ಫ್ರೆಂಚರ ಕೋಟೆ ಕಟ್ಟೋ ರೀತಿ ಅದು. ಫಿರಂಗಿ ಗುಂಡು ನೇರವಾಗಿ ಬಡಿಯೋಕೆ ಅಗಲವಾದ ಗೋಡೆ ಸಿಗಬಾರದು, ಗೋಡೆ ಹತ್ತಿರ ಬಂದವನಿಗೆ ಬಚ್ಚಿಟ್ಟುಕೊಳ್ಳೋಕೆ ಮೂಲೆ ಸಿಗಬಾರದು, ಅದಕ್ಕೆ ಆ ಆಕಾರ. ಡ್ರೋನ್ ವಿಡಿಯೋ ಬಂದ ಮೇಲೆ ಈ ನಕ್ಷತ್ರ ಇಡೀ ದೇಶಕ್ಕೇ ಗೊತ್ತಾಯ್ತು.

ಇನ್ನು ಹಾಗ್ವಾರ್ಟ್ಸ್ ಎಕ್ಸ್‌ಪ್ರೆಸ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ರೈಲು, 55 ಕಿಲೋಮೀಟರ್, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಸಿನಿಮಾದಲ್ಲಿ ಆ ಕೆಂಪು ರೈಲು ದಾಟೋದು ಸ್ಕಾಟ್ಲೆಂಡಿನ ಗ್ಲೆನ್‌ಫಿನ್ನನ್ ಸೇತುವೆ, 21 ಕಮಾನಿನದು. ನಮ್ಮ ಘಾಟಿಯ ಸೇತುವೆ ಮೇಲೆ ಮಳೆಗಾಲದಲ್ಲಿ ರೈಲು ಬರೋ ವಿಡಿಯೋಗೆ ಆ ಸಿನಿಮಾದ ಮ್ಯೂಸಿಕ್ ಹಾಕಿರೋ ರೀಲ್ ನೀವು ಕಮ್ಮಿ ಅಂದ್ರೂ ಹತ್ತು ನೋಡಿರ್ತೀರಿ.

ಒಂದು ನಾನೂ ಮಾಡಿದ್ದೆ. ಆ ಕಥೆಗೆ ಈಗ ಬರ್ತೀನಿ.

ಭಾಗ 4: ಆ ರೀಲ್ ನನ್ನದೇ

ಈ ಭಾಗಕ್ಕೆ ಫೋಟೋ ಇಲ್ಲ. ಬೇಕಂತಲೇ ಹಾಕಿಲ್ಲ.

ಹೋದ ವರ್ಷ ನಮ್ಮೂರ ಪಕ್ಕದ ಒಂದು ಗುಡ್ಡದ ರೀಲ್ ಹಾಕಿದ್ದೆ. ಹೆಸರು ಹೇಳಲ್ಲ. ಮಂಜಿನ ಮಧ್ಯೆ ಒಂದು ಹಳೇ ಕಲ್ಲಿನ ಮಂಟಪ, ನನ್ನ ತಮ್ಮ ಕಪ್ಪು ಶಾಲು ಹೊದ್ದು, ಕಾಫಿ ಗಿಡದ ಕಡ್ಡಿ ಹಿಡ್ಕೊಂಡು ಮಂತ್ರ ಹಾಕೋ ತರ. ಮೇಲೆ ಬರೆದಿದ್ದೆ: ‘ಕರ್ನಾಟಕದ ಹಾಗ್ವಾರ್ಟ್ಸ್, ಯಾರಿಗೂ ಗೊತ್ತಿಲ್ಲ’. ಕೆಳಗೆ ಲೊಕೇಶನ್ ಪಿನ್. ಯಾರಿಗೂ ಗೊತ್ತಿಲ್ಲ ಅಂತ ಬರೆದು ಎಲ್ಲರಿಗೂ ದಾರಿ ಹೇಳಿದ್ದೆ. ಈಗ ನಗು ಬರುತ್ತೆ, ಆಗ ಬರ್ಲಿಲ್ಲ. ಈ ಪೇಜ್ ಶುರು ಮಾಡಿದ ಮೇಲೆ ಅಷ್ಟು ಓಡಿದ ರೀಲ್ ಅದೊಂದೇ.

ಮೂರು ದಿನದ ರಜೆ ಬಂತು. ಭಾನುವಾರ ಸಂಜೆ ನಾನು ಹಾಸ್ಟೆಲ್‌ನಲ್ಲಿ ಕೂತು ಲೈಕ್ ಎಣಿಸ್ತಿದ್ದೆ. ಅಮ್ಮ ಆಲೂರಿಗೆ ಹೋಗಿ ಅಜ್ಜಿ ಮಾತ್ರೆ, ಮನೆ ಸಾಮಾನು ತಗೊಂಡು ಊರಿಗೆ ವಾಪಸ್ ಹೊರಟಿದ್ರು. ನಮ್ಮೂರಿಗೆ ಸಂಜೆ ಇರೋದು ಒಂದೇ ಬಸ್ಸು. ಊರಿಗೆ ಮೂರು ಕಿಲೋಮೀಟರ್ ಇದೆ ಅನ್ನುವಾಗ ತಿರುವಿನಲ್ಲಿ ಬಸ್ಸು ನಿಂತಿತು. ರಸ್ತೆ ಎರಡೂ ಕಡೆ ಕಾರು. ಗುಡ್ಡ ನೋಡೋಕೆ ಬಂದೋರು ಗಾಡಿ ಬಿಟ್ಟು ಮೇಲೆ ಹತ್ತಿದ್ದಾರೆ, ಕೇಳೋಣ ಅಂದ್ರೆ ಯಾರೂ ಇಲ್ಲ. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಮುಕ್ಕಾಲು ಗಂಟೆ ಕಾದ್ರು. ಕತ್ತಲಾಗ್ತಾ ಬಂತು. ಆಮೇಲೆ ಬೇರೆ ದಾರಿ ಇಲ್ಲದೆ ಹಿಂದಕ್ಕೆ ತಗೊಂಡ್ರು. ಅವರನ್ನ ಬೈಯೋ ಹಾಗಿಲ್ಲ.

ಹನ್ನೊಂದು ಜನ ಇಳಿದು ನಡೆದ್ರು. ಅಮ್ಮ, ಪಕ್ಕದ ಮನೆ ಅಜ್ಜಿ, ಟ್ಯೂಷನ್‌ನಿಂದ ಬರ್ತಿದ್ದ ಇಬ್ಬರು ಹುಡುಗಿಯರು, ತೋಟದ ಕೆಲಸಕ್ಕೆ ಹೋಗಿದ್ದೋರು. ಅರ್ಧ ದಾರಿಯಲ್ಲಿ ಎಲ್ಲರ ಮೊಬೈಲೂ ಒಟ್ಟಿಗೆ ಟಿಣ್ ಅಂತು. ಆನೆ ಮೆಸೇಜ್.

ಬೇರೆ ಊರಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕು. ಆಲೂರು, ಸಕಲೇಶಪುರ, ಬೇಲೂರು ಕಡೆ ಕಾಡಾನೆ ಕಾಡಿನಲ್ಲಷ್ಟೇ ಇರಲ್ಲ, ಕಾಫಿ ತೋಟದ ಒಳಗೇ ಇರುತ್ತೆ. ಹಗಲು ತೋಟದಲ್ಲಿ ನಿಲ್ಲುತ್ತೆ, ಸಂಜೆ ಆದ್ಮೇಲೆ ರಸ್ತೆ ದಾಟಿ ಗದ್ದೆಗೆ ಇಳಿಯುತ್ತೆ. ಅದಕ್ಕೇ ಆನೆ ಯಾವ ತೋಟದಲ್ಲಿದೆ ಅಂತ ನಮಗೆ ಮೆಸೇಜ್ ಬರುತ್ತೆ. ದಸರಾ ಅಂಬಾರಿ ಹೊತ್ತ ಅರ್ಜುನ ನೆನಪಿದ್ದಾನಲ್ಲ? ಅವನು ಸತ್ತಿದ್ದು 2023ರ ಡಿಸೆಂಬರ್ 4ರಂದು, ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ, ಕಾಡಾನೆ ಹಿಡಿಯೋ ಕೆಲಸದಲ್ಲಿ ಒಂಟಿ ಸಲಗದ ಜೊತೆ ಕಾದಾಡಿ. ಪಳಗಿದ ಅಷ್ಟು ದೊಡ್ಡ ಆನೆಗೇ ಹಾಗಾಯ್ತು.

ಮೆಸೇಜ್‌ನಲ್ಲಿದ್ದ ತೋಟ ಅವರು ನಡೀತಿದ್ದ ರಸ್ತೆ ಪಕ್ಕದ್ದು. ಹನ್ನೊಂದೂ ಜನ ಅಲ್ಲೇ ಒಂದು ಮನೆ ಜಗುಲಿ ಮೇಲೆ ಕೂತ್ರು. ಆ ಮನೆಯವರು ಲೈಟ್ ಹಾಕಿ ಕಾಫಿ ಕೊಟ್ರಂತೆ. ಒಂದು ಗಂಟೆ ಆದ್ಮೇಲೆ ಯಾರದೋ ಜೀಪು ಬಂದು ಎರಡು ಸಲಕ್ಕೆ ಎಲ್ಲರನ್ನೂ ಊರಿಗೆ ಬಿಟ್ಟಿತು. ಯಾರಿಗೂ ಏನೂ ಆಗ್ಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಕಥೆಗೆ ಮಸಾಲೆ ಬೇಡ.

ರಾತ್ರಿ ಅಮ್ಮ ಫೋನ್ ಮಾಡಿದ್ರು. ಬೈಯಲಿಲ್ಲ. "ಮಧ್ಯಾಹ್ನ ಬಸ್‌ಸ್ಟ್ಯಾಂಡ್ ಹತ್ರ ಒಂದು ಕಾರಿನೋರು ದಾರಿ ಕೇಳಿದ್ರು ಕಣೋ. ಮೊಬೈಲ್ ತೋರಿಸಿದ್ರು. ಅದ್ರಲ್ಲಿ ನಿನ್ನ ತಮ್ಮ ಶಾಲು ಹೊದ್ಕೊಂಡು ನಿಂತಿದ್ದ. ನಾನೇ ದಾರಿ ಹೇಳಿ ಕಳಿಸ್ದೆ" ಅಂದ್ರು.

ರೀಲ್ ಡಿಲೀಟ್ ಮಾಡಿದೆ. ಆದ್ರೆ ಡೌನ್‌ಲೋಡ್ ಮಾಡಿ ಮತ್ತೆ ಹಾಕಿದೋರ ಪೇಜ್‌ನಲ್ಲಿ ಅದು ಇವತ್ತಿಗೂ ಓಡ್ತಿದೆ.

ಭಾಗ 5: ಡಾಬಿಯ ಕಾಲುಚೀಲ

ನನ್ನನ್ನೇ ನಾನು ಬೈಕೊಳ್ಳೋಕೆ ಈ ಸೀರೀಸ್ ಬರೀತಿಲ್ಲ. ಇದು ಬರೀ ನಮ್ಮೂರ ಕಥೆನೂ ಅಲ್ಲ.

ಹ್ಯಾರಿ ಪಾಟರ್ ಸಿನಿಮಾದಲ್ಲಿ ಡಾಬಿ ಸಾಯೋ ಸೀನ್ ನೆನಪಿದೆಯಾ? ಅತ್ತಿರಲ್ಲ, ಸುಳ್ಳು ಹೇಳ್ಬೇಡಿ. ಆ ಸೀನ್ ತೆಗೆದಿದ್ದು ವೇಲ್ಸ್ ದೇಶದ ಫ್ರೆಶ್‌ವಾಟರ್ ವೆಸ್ಟ್ ಅನ್ನೋ ನಿಜವಾದ ಕಡಲತೀರದಲ್ಲಿ. ಅಭಿಮಾನಿಗಳು ಅಲ್ಲಿ ಡಾಬಿಗೆ ಒಂದು ಸಮಾಧಿ ಮಾಡಿದ್ರು. ಬಂದೋರೆಲ್ಲ ಪ್ರೀತಿಯಿಂದ ಒಂದೊಂದು ಕಾಲುಚೀಲ, ಬಣ್ಣ ಬಳಿದ ಕಲ್ಲು ಇಟ್ಟು ಹೋಗೋರು. ಅಭಿಮಾನಿಗಳ ಲೆಕ್ಕದಲ್ಲಿ ಅದು ಭಕ್ತಿ, ಸಮುದ್ರದ ಜೀವಿಗಳ ಲೆಕ್ಕದಲ್ಲಿ ಕಸ. ಆ ಜಾಗ ನೋಡ್ಕೊಳ್ಳೋ ನ್ಯಾಷನಲ್ ಟ್ರಸ್ಟ್‌ನವರು 2022ರಲ್ಲಿ, ಸಮಾಧಿ ಸದ್ಯಕ್ಕೆ ಇರಲಿ, ಆದ್ರೆ ದಯವಿಟ್ಟು ಕಾಲುಚೀಲ ಇಡಬೇಡಿ, ಫೋಟೋ ಮಾತ್ರ ತಗೊಳ್ಳಿ ಅಂತ ಕೇಳ್ಕೊಂಡ್ರು.

ಅಲ್ಲಿ ಕಾಲುಚೀಲ ಇಟ್ಟೋರಲ್ಲಿ ಒಬ್ಬನೂ ಕೆಟ್ಟವನಲ್ಲ. ಒಂದು ಕಾಲುಚೀಲದಿಂದ ಏನೂ ಆಗಲ್ಲ, ಸಾವಿರ ಕಾಲುಚೀಲದಿಂದ ಆಗುತ್ತೆ. ನಮ್ಮ ತಿರುವಿನಲ್ಲಿ ಕಾರು ಬಿಟ್ಟೋರೂ ಅಷ್ಟೇ. ಮೊದಲನೇ ಕಾರಿನವನು ‘ಐದು ನಿಮಿಷ’ ಅಂದ್ಕೊಂಡ. ಎರಡನೆಯವನು ‘ಅವನೂ ಬಿಟ್ಟಿದ್ದಾನಲ್ಲ’ ಅಂದ್ಕೊಂಡ. ಇಪ್ಪತ್ತನೆಯವನಿಗೆ ಅದು ಪಾರ್ಕಿಂಗ್ ಜಾಗ ಅಂತಲೇ ಅನಿಸಿತು.

ಪಾರ್ಕ್‌ನಲ್ಲಿ ಈ ಲೆಕ್ಕ ಹಾಕೋಕೆ ಸಂಬಳದ ಜನ ಇರ್ತಾರೆ. ನಮ್ಮ ಗುಡ್ಡದಲ್ಲಿ ಇಲ್ಲ. ಅಂದ್ರೆ ಆ ಲೆಕ್ಕ ಬರೋರ ತಲೆ ಮೇಲೆ ಬೀಳುತ್ತೆ. ಗೇಟ್ ಕಾಯೋನು, ಕ್ಯೂ ನೋಡೋನು, ಕಸ ಎತ್ತೋನು, ‘ಇವತ್ತು ತುಂಬಿದೆ, ನಾಳೆ ಬನ್ನಿ’ ಅನ್ನೋನು, ಎಲ್ಲಾ ನೀವೇ. ನಲವತ್ತು ಸಾಲು ಇಲ್ಲಿಗೇ ಜಾಸ್ತಿ ಬೇಕು ಅಂತ ನಾನು ಹಠ ಹಿಡಿದಿರೋದು ಅದಕ್ಕೆ.

ಭಾಗ 6: ನೀವು ಹೇಳೋ ಮೂರು ಮಾತು

ಇದನ್ನೆಲ್ಲ ಕ್ಲಾಸ್‌ನಲ್ಲಿ ಹೇಳಿದಾಗ ಬಂದ ಉತ್ತರಗಳು, ಅದಕ್ಕೆ ನನ್ನ ಮಾತು.

"ಹಾಗಾದ್ರೆ ಬರಲೇಬೇಡಿ ಅಂತೀಯಾ?" ಖಂಡಿತ ಇಲ್ಲ. ನನ್ನ ಚಿಕ್ಕಪ್ಪ ವೀಕೆಂಡ್‌ನಲ್ಲಿ ಜೀಪ್ ಓಡಿಸ್ತಾರೆ. ಪಕ್ಕದ ಮನೆ ಅಕ್ಕ ಹೋಂಸ್ಟೇಯಲ್ಲಿ ಅಕ್ಕಿ ರೊಟ್ಟಿ ತಟ್ತಾರೆ, ಅವರ ಮಗಳ ಫೀಸ್ ಅದರಿಂದಲೇ. ಕಾಫಿ ರೇಟು ಏರಿದ ವರ್ಷ ತೋಟದ ಮಾಲೀಕರಿಗೆ ಲಾಭ, ನಮ್ಮಂಥ ಮನೆಗಳಿಗೆ ಬರೋ ದುಡ್ಡು ನಿಮ್ಮಂಥ ಟೂರಿಸ್ಟ್‌ಗಳದ್ದೂ ಹೌದು. ಬನ್ನಿ. ನಲವತ್ತು ಜನ ಒಂದೇ ಭಾನುವಾರ ಬರೋ ಬದಲು ಹತ್ತು ಹತ್ತು ಜನ ನಾಲ್ಕು ಮಂಗಳವಾರ ಬಂದ್ರೆ ಚಿಕ್ಕಪ್ಪನಿಗೂ ಒಳ್ಳೇದು, ಬಸ್ಸಿಗೂ ಒಳ್ಳೇದು.

"ಇದೆಲ್ಲ ಸರ್ಕಾರ ಮಾಡ್ಬೇಕಪ್ಪ, ನಾವಲ್ಲ." ಅರ್ಧ ಒಪ್ತೀನಿ. ಮಾಡಿದ್ರೆ ಆಗುತ್ತೆ ಅನ್ನೋಕೆ ನಮ್ಮ ಅಕ್ಕಪಕ್ಕದಲ್ಲೇ ಉದಾಹರಣೆ ಇದೆ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಕುಮಾರ ಪರ್ವತದ ಮೇಲೆ ಜನ ಇರುವೆ ಸಾಲಿನ ಹಾಗೆ ನಿಂತಿದ್ದ ವಿಡಿಯೋ ನೀವೆಲ್ಲ ಶೇರ್ ಮಾಡಿದ್ರಿ. ಅದಾದ್ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ಅರಣ್ಯ ಇಲಾಖೆ ನಿಲ್ಲಿಸ್ತು, ಆಮೇಲೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಬಂತು. ಮುಳ್ಳಯ್ಯನಗಿರಿ ಕಡೆಗೂ 2025ರ ಸೆಪ್ಟೆಂಬರ್‌ನಿಂದ ಗಾಡಿಗೆ ಮೊದಲೇ ಸ್ಲಾಟ್ ಬುಕ್ ಮಾಡ್ಬೇಕು. ಒಸಾಕಾದ ಟೈಮ್ ಚೀಟಿಗೂ ಇದಕ್ಕೂ ಏನು ವ್ಯತ್ಯಾಸ? ನಮ್ಮ ಕಡೆಯ ಗುಡ್ಡಗಳಿಗೂ ಇಂಥದ್ದು ಬರಲಿ, ದೂರದಲ್ಲಿ ಪಾರ್ಕಿಂಗ್, ಅಲ್ಲಿಂದ ಊರಿನವರ ಜೀಪು. ಆದ್ರೆ ಹೆಸರೇ ಇಲ್ಲದ ಚಿಕ್ಕ ಗುಡ್ಡಕ್ಕೆಲ್ಲ ಗೇಟ್ ಹಾಕೋಕೆ ಆಗಲ್ಲ. ಮತ್ತೆ ಅಲ್ಲಿವರೆಗೆ ನಮ್ಮ ಬಸ್ಸು ಕಾಯ್ತಾ ನಿಲ್ಲೋಕೂ ಆಗಲ್ಲ.

"ಪ್ಲಾನ್ ಮಾಡಿದ್ರೆ ಮಜಾ ಹೋಗುತ್ತೆ." ಇದು ನನಗೆ ತುಂಬ ಇಷ್ಟವಾದ ವಾದ, ಯಾಕೆ ಅಂದ್ರೆ ನಾನೂ ಹಾಗೇ ಅಂದ್ಕೊಂಡಿದ್ದೆ. ಬಿಡದಿ ಹತ್ತಿರದ ವಂಡರ್‌ಲಾಗೆ ಕ್ಲಾಸ್ ಟ್ರಿಪ್ ಹೋದಾಗ ಏನಾಯ್ತು ನೆನಪು ಮಾಡ್ಕೊಳ್ಳಿ. ಪ್ಲಾನ್ ಇಲ್ಲದ ನಮ್ಮ ಗುಂಪು ಯಾವ ರೈಡ್ ಅಂತ ಜಗಳ ಆಡ್ತಾ ಮಧ್ಯಾಹ್ನ ಮಾಡ್ತು. ನಕ್ಷೆ ನೋಡಿ ದೂರದ ರೈಡ್‌ನಿಂದ ಶುರು ಮಾಡಿದ ಹುಡುಗಿಯರು ಎಲ್ಲಾ ಮುಗಿಸಿ ಐಸ್‌ಕ್ರೀಂ ತಿಂತಾ ನಮ್ಮನ್ನ ನೋಡಿ ನಕ್ಕರು. ಮಜಾ ಯಾರದ್ದು ಹೋಯ್ತು?

ಭಾಗ 7: ಸಕಲೇಶಪುರದ ಶೀಟ್ (ಇದನ್ನ ಸೇವ್ ಮಾಡ್ಕೊಳ್ಳಿ)

ಬರೀ ಉಪದೇಶ ಸಾಕು. ನಮ್ಮ ಕ್ಲಾಸಿಗೆ ನಾನು ಮಾಡಿಕೊಟ್ಟ ಪ್ಲಾನ್ ಇದು.

1. ದಿನ. ಲಾಂಗ್ ವೀಕೆಂಡ್ ಬೇಡವೇ ಬೇಡ. ವಾರದ ಮಧ್ಯದ ಒಂದು ದಿನ. ಪರೀಕ್ಷೆ ಮುಗಿದ ಮಾರನೇ ದಿನ ಬುಧವಾರ ಬಂದ್ರೆ ಕೋಟೆ ಬಾಗಿಲಲ್ಲಿ ನಿಮ್ಮ ಫೋಟೋದಲ್ಲಿ ನೀವೇ ಇರ್ತೀರಿ.

2. ಗಾಡಿ. ಹಾಸನದಿಂದ ಬಸ್ಸಿದೆ, ರೈಲಿದೆ. ಪೇಟೆಯಲ್ಲಿ ಇಳಿದು ಜೀಪ್ ಮಾಡ್ಕೊಳ್ಳಿ. ನಾಲ್ಕು ಕಾರಿಗಿಂತ ಎರಡು ಜೀಪು. ಕಾರೇ ತಂದ್ರೆ ಒಂದು ನಿಯಮ: ಬಸ್ಸು ಹೋಗೋಷ್ಟು ಜಾಗ ಇಲ್ಲದ ಕಡೆ ನಿಲ್ಲಿಸಲೇಬೇಡಿ, ಐದು ನಿಮಿಷಕ್ಕೂ.

3. ಒಂದು ದಿನಕ್ಕೆ ಒಂದು ದಿಕ್ಕು. ಮಂಜರಾಬಾದ್, ಮೂಕನಮನೆ ಅಬ್ಬಿ, ಪಟ್ಲ ಬೆಟ್ಟ, ಬಿಸ್ಲೆ ಎಲ್ಲಾ ಒಂದೇ ದಿನ ಅಂತ ಬರೋರಿದ್ದಾರೆ. ಬಿಸ್ಲೆ ಒಂದೇ ಪೇಟೆಯಿಂದ ಐವತ್ತು ಕಿಲೋಮೀಟರ್ ಹತ್ತಿರ ಇದೆ, ಅದೂ ಘಾಟಿ ರಸ್ತೆ. ಒರ್ಲ್ಯಾಂಡೋದಲ್ಲಿ ಮೂರು ಪಾರ್ಕ್ ಒಂದೇ ದಿನ ಮಾಡ್ತೀನಿ ಅನ್ನೋನನ್ನ ನೋಡಿ ನಗ್ತೀರಲ್ಲ, ಹಾಗೇ ಇದು.

4. ಸಮಯ. ಇಲ್ಲಿ ಪಾರ್ಕ್ ನಿಯಮ ಅರ್ಧ ಮಾತ್ರ ನಡೆಯುತ್ತೆ. ಬೇಗ ಬನ್ನಿ, ಆದ್ರೆ ಬೆಳಕು ಹರಿಯೋ ಮುಂಚೆ ತೋಟದ ರಸ್ತೆಗೆ ಇಳೀಬೇಡಿ. ಸೂರ್ಯೋದಯದ ರೀಲ್‌ಗೆ ನಾಲ್ಕೂವರೆಗೆ ಹೊರಡೋದು ಧೈರ್ಯ ಅಲ್ಲ, ಆನೆ ಓಡಾಡೋ ಹೊತ್ತು ಅದು. ಸಂಜೆನೂ ಅಷ್ಟೇ, ಕತ್ತಲಾಗೋ ಮುಂಚೆ ಪೇಟೆ ಸೇರಿ. ಹೊರಡೋ ಮುಂಚೆ ಹೋಂಸ್ಟೇಯವರನ್ನೋ ಜೀಪ್ ಅಣ್ಣನನ್ನೋ ಕೇಳಿ: "ಇವತ್ತು ಆನೆ ಎಲ್ಲಿದೆ?" ಪಾರ್ಕ್ ಆ್ಯಪ್‌ನಲ್ಲಿ ಕ್ಯೂ ಎಷ್ಟು ಉದ್ದ ಅಂತ ನೋಡ್ತೀರಲ್ಲ, ನಮ್ಮೂರಿನ ಆ್ಯಪ್ ಇದೇ.

5. ಮಂಜು. ಕೋಟೆ ಮೇಲೆ ಹೋಗಿ ಏನೂ ಕಾಣದೆ ಇರಬಹುದು. ದುಡ್ಡು ವಾಪಸ್ ಕೇಳೋಕೆ ಕೌಂಟರ್ ಇಲ್ಲ. ಒಂದು ಗಂಟೆ ಕೂತ್ಕೊಳ್ಳಿ, ಸುಮ್ಮನೆ. ಮಂಜು ಒಂದೇ ಸಲ ಸರಿದು ನಕ್ಷತ್ರದ ಒಂದು ಮೂಲೆ ಕಾಣಿಸ್ಕೊಳ್ಳುತ್ತಲ್ಲ, ಅದಕ್ಕೆ ಸಮನಾದ ರೈಡ್ ಇಲ್ಲ.

6. ಮಳೆ. ಜೂನ್‌ನಿಂದ ಸೆಪ್ಟೆಂಬರ್ ಘಾಟಿಯಲ್ಲಿ ಗುಡ್ಡ ಜರಿಯುತ್ತೆ. 2024ರ ಜುಲೈನಲ್ಲಿ ದೊಡ್ಡತಪ್ಪಲು ಹತ್ತಿರ ಹೈವೇ ಮೇಲೇ ಮಣ್ಣು ಬಿದ್ದು ಸಂಚಾರ ನಿಂತಿತ್ತು. ಬಂದ್ರೆ ಸುದ್ದಿ ನೋಡ್ಕೊಂಡು ಬನ್ನಿ. ಇಂಬಳ ಹತ್ತುತ್ತೆ, ಉಪ್ಪು ತನ್ನಿ, ಕಿರುಚಾಡಬೇಡಿ.

7. ರೈಲು. ಹಳಿ ಮೇಲೆ ನಡೆಯೋ ಗ್ರೀನ್ ರೂಟ್ ಚಾರಣ ಈಗ ಇಲ್ಲ. ‘ನಮ್ಮ ಅಣ್ಣ ಹೋಗಿದ್ದ’ ಅನ್ನೋದು ಹಳೇ ಕಥೆ. ರೈಲ್ವೆ ಕಾಯ್ದೆ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲ ಸಾವಿರ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಅದಕ್ಕಿಂತ ಮುಖ್ಯ, ಸುರಂಗದ ಮಧ್ಯೆ ರೈಲು ಬಂದ್ರೆ ಸರಿಯೋಕೆ ಜಾಗ ಇಲ್ಲ. ಹಗಲಿನ ರೈಲಿಗೆ ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತ್ಕೊಳ್ಳಿ. ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಈ ದಾರಿಗೆ 2021ರ ಜುಲೈನಲ್ಲಿ ಬಂತು. ಹಾಗ್ವಾರ್ಟ್ಸ್ ಎಕ್ಸ್‌ಪ್ರೆಸ್ ಹತ್ತೋಕೂ ಟಿಕೆಟ್ ಬೇಕು ತಾನೇ.

8. ವೇಷ. ಕಪ್ಪು ಗೌನ್, ಮಂತ್ರದಂಡ, ಗುಂಡು ಕನ್ನಡಕ ಎಲ್ಲಾ ತನ್ನಿ, ನನಗೂ ಒಂದು ಕೊಡಿ. ಬಣ್ಣದ ಹೊಗೆ ಬಾಂಬ್ ಬೇಡ. ಇನ್ನೂರ ಮೂವತ್ತು ವರ್ಷ ಮಳೆ ತಡೆದ ಗೋಡೆ ಮೇಲೆ ನಿಮ್ಮ ಹೆಸರಿನ ಅಗತ್ಯ ಇಲ್ಲ.

9. ತೋಟ. ಬೇಲಿ ಒಳಗಿರೋದೆಲ್ಲ ಯಾರದೋ ತೋಟ. ಕಣದಲ್ಲಿ ಒಣಗ್ತಿರೋ ಕಾಫಿ ಮೇಲೆ ಮಲಗಿ ಫೋಟೋ ತೆಗೆದೋರನ್ನ ನಾನು ಕಣ್ಣಾರೆ ನೋಡಿದೀನಿ. ಅದು ಯಾರದೋ ಇಡೀ ವರ್ಷದ ದುಡಿಮೆ. ಕೇಳಿ, ಬಹಳ ಜನ ಖುಷಿಯಿಂದ ಒಳಗೆ ಕರೀತಾರೆ.

10. ಕಸ. ತಂದ ಚೀಲದಲ್ಲೇ ವಾಪಸ್. ಬಿಸ್ಕತ್ ಕವರ್ ಡಾಬಿಯ ಕಾಲುಚೀಲ ಅಂತ ನೆನಪಿಟ್ಕೊಳ್ಳಿ.

11. ಪಿನ್. ಮಂಜರಾಬಾದ್‌ಗೆ ಪಿನ್ ಹಾಕಿ, ಅದು ಎಲ್ಲರಿಗೂ ಗೊತ್ತಿರೋ ಜಾಗ, ದೊಡ್ಡ ರಸ್ತೆ ಪಕ್ಕ ಇದೆ. ಒಂದೇ ಬಸ್ಸು ಹೋಗೋ ಊರಿನ ಗುಡ್ಡಕ್ಕೆ ಹಾಕ್ಬೇಡಿ. ಫೋಟೋ ಹಾಕಿ, ಹೆಸರು ಬಿಡಿ. ಯಾರಾದ್ರೂ ಕೇಳಿದ್ರೆ ಮೆಸೇಜ್‌ನಲ್ಲಿ ಹೇಳಿ, ಹೇಳುವಾಗ ಈ ಶೀಟೂ ಕಳಿಸಿ.

ಭಾಗ 8: ಕೊನೇ ಫೋಟೋ

ಇದು ನಮ್ಮೂರ ತಿರುವು. ಕಾರಿಲ್ಲ, ಜನ ಇಲ್ಲ, ಸಂಜೆ ಬಸ್ಸಿನ ಹಿಂಬದಿ ಮಾತ್ರ ಕಾಣ್ತಿದೆ. ಲೈಕ್ ಬರೋ ಫೋಟೋ ಅಲ್ಲ ಅಂತ ಗೊತ್ತು. ನನಗೆ ಬೇಕಾಗಿತ್ತು, ಹಾಕಿದೀನಿ.

ಕ್ಲಾಸ್ ಗ್ರೂಪಿನ ಅಪ್ಡೇಟ್ ಹೇಳ್ತೀನಿ. ಲಾಂಗ್ ವೀಕೆಂಡ್ ಪ್ಲಾನ್ ಕ್ಯಾನ್ಸಲ್. ‘ನೋಡೋಣ’ ಅಂದವನೇ ಈಗ ಬುಧವಾರದ ಬಸ್ಸಿನ ಟೈಮ್ ಹುಡುಕ್ತಿದ್ದಾನೆ. ಹನ್ನೆರಡು ಜನ ಬರ್ತಿದ್ದಾರೆ, ಚಿಕ್ಕಪ್ಪನ ಜೀಪೂ ಅವರ ಸ್ನೇಹಿತರ ಜೀಪೂ ಬುಕ್ ಆಗಿದೆ. ಮಧ್ಯಾಹ್ನ ಪಕ್ಕದ ಮನೆ ಅಕ್ಕನ ಅಕ್ಕಿ ರೊಟ್ಟಿ. ಒರ್ಲ್ಯಾಂಡೋ ಶೀಟ್ ಕಳಿಸಿದ ನಮ್ಮ ಹುಡುಗಿ ಅಕ್ಕನಿಗೆ ಈ ಹನ್ನೊಂದು ಸಾಲು ಕಳಿಸಿದ್ಲಂತೆ. ಅಲ್ಲಿಂದ ಬಂದ ಉತ್ತರ: "ಆನೆ ಸಾಲು ನಮ್ಮ ಶೀಟ್‌ನಲ್ಲಿ ಇಲ್ಲ, ನೀವೇ ಗೆದ್ರಿ."

ಅಮ್ಮನಿಗೂ ಓದಿ ಹೇಳಿದೆ. ಪೂರ್ತಿ ಕೇಳಿ, ಇನ್ನೊಂದು ಸಾಲು ಸೇರಿಸು ಅಂದ್ರು. ಹಾಗಾಗಿ ಹನ್ನೆರಡನೇದು ಅಮ್ಮನ ಲೆಕ್ಕದಲ್ಲಿ: "ದಾರಿ ಕೇಳುವಾಗ ಗಾಡಿಯಿಂದ ಇಳಿದು ಕೇಳಿ. ಸಂಜೆ ಬಸ್ಸು ಎಷ್ಟು ಹೊತ್ತಿಗೆ ಅಂತಲೂ ಕೇಳಿ."

ನಿಮ್ಮೂರು ಯಾವುದು? ಅಲ್ಲಿಗೆ ಬರೋರು ಯಾವ ಸಾಲು ಬರ್ಕೊಂಡು ಬರ್ಬೇಕು? ಕಾಮೆಂಟ್‌ನಲ್ಲಿ ಹಾಕಿ. ಮುಂದಿನ ಸೀರೀಸ್‌ನಲ್ಲಿ ನಿಮ್ಮ ಸಾಲುಗಳನ್ನೇ ಹಾಕ್ತೀನಿ, ಊರಿನ ಹೆಸರು ಬೇಡ ಅಂದ್ರೆ ಬಿಟ್ಟು.

#ಸಕಲೇಶಪುರ #ಆಲೂರು #ಮಂಜರಾಬಾದ್ #ನಮ್ಮಹಾಸನ #ಮಲೆನಾಡು #ಪಿನ್‌ಬೇಡ #ಬಸ್ಸಿಗೆದಾರಿಬಿಡಿ